ಉಣ್ಣೀರಿ ಡಾಕ್ಟರು ಚಹಾ ಕುಡಿದ ಮನೆಗಳು

ಇಯ್ಯಾತುಮ್ಮ ಉಣ್ಣೀರಿ ಡಾಕ್ಟರರನ್ನು ಮೊದಲು ಕಂಡದ್ದು ಒಂದು ಗುರುವಾರ, ನಡುಹಗಲಿನ ಬಾಂಗಿಗೆ ಸ್ವಲ್ಪ ಮುಂಚೆ. ಆಗ ಅವಳಿಗೆ ಹದಿನೆಂಟು ವರ್ಷ. ಹೆಗಲ ಮೇಲೆ ಏಳು ತಿಂಗಳ ಸುಹರಾ ಕಾದ ಹೆಂಚಿನ ಹಾಗೆ ಸುಡುತ್ತಿದ್ದಳು. ಮುಂಡಕ್ಕಡವಿನ ಪೇಟೆಯಲ್ಲಿ ಕೊಬ್ಬರಿ ಅಂಗಡಿಯ ಮಾಳಿಗೆಗೆ ಹೊಸ ಡಾಕ್ಟರು ಬಂದು ಹತ್ತು ದಿನವಾಗಿತ್ತಷ್ಟೆ. ಮರದ ಮೆಟ್ಟಿಲು ಹತ್ತುವಾಗ ಅತ್ತೆ ಕದಿಯುಮ್ಮ ಹಿಂದಿನಿಂದ ಗೊಣಗುತ್ತಲೇ ಇದ್ದಳು.

"ಮೀಸೆ ಇನ್ನೂ ಸರಿಯಾಗಿ ಬಂದಿಲ್ಲವಂತೆ ಅವನಿಗೆ. ಅಂಥವನ ಕೈಗೆ ಮಗು ಕೊಡ್ತೀಯಲ್ಲ."

"ಮೀಸೆ ಯಾಕಮ್ಮಾ, ಔಷಧಿ ಇದ್ರೆ ಸಾಕು," ಅಂದಳು ಇಯ್ಯಾತು.

ಡಾಕ್ಟರು ಮಗುವಿನ ಹೊಟ್ಟೆ ಒತ್ತಿ, ಕಣ್ಣು ಬಿಡಿಸಿ ನೋಡಿ, ಜ್ವರ ಯಾವಾಗ ಶುರುವಾಯಿತೆಂದು ಕೇಳಿದರು. ಅತ್ತೆ "ನಿನ್ನೆ" ಅಂದಳು. ಸೊಸೆ ತಲೆವಸ್ತ್ರ ಸರಿಮಾಡಿಕೊಂಡು, ನೆಲ ನೋಡುತ್ತಾ, ನಿಧಾನವಾಗಿ ಹೇಳಿದಳು.

"ನಿನ್ನೆ ಸಂಜೆ ಬಿಸಿಲಿನ ಬಾಂಗು ಮುಗಿದು, ಆಚೆ ದಡದ ದೋಣಿ ಎರಡು ಸಲ ಬಂದು ಹೋದ ಮೇಲೆ ಮೈ ಬಿಸಿ ಆಯ್ತು. ಕತ್ತಲ ಬಾಂಗಿಗೆ ಬೆವರಿ ಇಳೀತು. ಬೆಳಗಿನ ಬಾಂಗಿಗೆ ಮತ್ತೆ ಏರಿತು. ಎರಡು ಸಲ ವಾಂತಿ. ಮೊದಲನೇದು ಹಾಲು. ಎರಡನೇದು ಹಸಿರು, ಬಾಳೆಲೆ ಬಣ್ಣ ಅಲ್ಲ, ಪಾಚಿ ಬಣ್ಣ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ಮನೇಲಿ ಗಡಿಯಾರ ಇದೆಯಾ?"

"ಇಲ್ಲ."

"ತರಬೇಡಿ," ಅಂದರು. "ಇಷ್ಟು ಸರಿಯಾಗಿ ಹೇಳೋರನ್ನ ನಾನು ಕಾಲೇಜಲ್ಲೂ ನೋಡಿಲ್ಲ."

ಕೆಳಗೆ ಕಾಯುತ್ತಿದ್ದ ಇಯ್ಯಾತುವಿನ ಗಂಡ ಅಲವಿ, ಸಂತೋಷಕ್ಕೆ ಅಂಗಡಿಯಿಂದ ಒಂದು ಲೋಟ ಚಹಾ ಹಿಡಿದುಕೊಂಡು ಮೇಲೆ ಬಂದ. ಡಾಕ್ಟರು ಕೈ ಅಡ್ಡ ಮಾಡಿದರು. ಇಪ್ಪತ್ತು ಜನ ಕೊಟ್ಟ ಚಹಾ ಕುಡಿದರೆ ಇಪ್ಪತ್ತೊಂದನೆಯ ರೋಗಿ ನಾನೇ ಆಗುತ್ತೇನೆ, ಕಾಯಿಲೆ ನೋಡಲು ಬಂದವನಿಗೆ ಯಾರೂ ಏನೂ ಕೊಡಬಾರದು, ಇದು ನನ್ನ ಪದ್ಧತಿ ಅಂದರು. ಆ ಲೋಟದ ಚಹಾ ಕದಿಯುಮ್ಮನ ಹೊಟ್ಟೆಗೆ ಹೋಯಿತು. ಮಗು ಬದುಕಿತು.

ಕೋಳಿಕ್ಕೋಡಿನ ನೇಕಾರನೊಬ್ಬನ ಮಗ ಉಣ್ಣೀರಿ. ಎರಡು ವರ್ಷ ಇದ್ದು ಹೋಗುತ್ತೇನೆಂದು ಬಂದವರು ಮುಂಡಕ್ಕಡವಿನಲ್ಲಿ ನಲವತ್ತೆಂಟು ವರ್ಷ ಉಳಿದರು. ಹೈಸ್ಕೂಲಿನ ದೇವಯಾನಿ ಟೀಚರನ್ನು ಮದುವೆಯಾದರು. ಮಕ್ಕಳಾಗಲಿಲ್ಲ. ಸೈಕಲ್ಲು ಹೋಗಿ ಮೊಪೆಡ್ ಬಂತು; ಚರ್ಮದ ಚೀಲ ಮಾತ್ರ ಅದೇ, ಹಿಡಿ ಮೂರು ಸಲ ಹೊಲಿಸಿದ್ದು. ಸಿಟ್ಟಿನ ಮನುಷ್ಯ. ಬೈದು ಔಷಧಿ ಕೊಡುತ್ತಿದ್ದರು. ಆದರೆ ಯಾರ ಮನೆಗೆ ಹೋದರೂ ಒಂದು ಹನಿ ನೀರು ಮುಟ್ಟುತ್ತಿರಲಿಲ್ಲ. ನೋಡಿ, ಬರೆದು, ಎದ್ದು ಹೋಗುವುದು. ಒಂಬತ್ತು ವರ್ಷ ಹಾಗೆಯೇ ನಡೆಯಿತು.

ಹತ್ತನೆಯ ವರ್ಷ ಕದಿಯುಮ್ಮನಿಗೆ ಹೊಟ್ಟೆ ಬಾತು ಮಲಗುವ ಹಾಗಾಯಿತು. ಡಾಕ್ಟರು ವಾರಕ್ಕೊಮ್ಮೆ ಬರುತ್ತಿದ್ದರು. ಒಂದು ದಿನ ಚೀಲ ಮುಚ್ಚಿದ ಮೇಲೂ ಅವರು ಏಳಲಿಲ್ಲ. ಮಂಚದ ಅಂಚಿಗೆ ಕೂತರು.

"ಇಯ್ಯಾತೂ, ಒಂದು ಚಾ ಮಾಡು. ಹಾಲು ಬೇಡ."

ಕೇಳಿದ ಆಶ್ಚರ್ಯಕ್ಕೆ ಇಯ್ಯಾತುವಿನ ಕೈಯಿಂದ ಸಕ್ಕರೆ ಒಲೆಯ ಬಾಯಿಗೆ ಚೆಲ್ಲಿತು. ಡಾಕ್ಟರು ಆ ಒಂದು ಲೋಟವನ್ನು ಗುಟುಕು ಗುಟುಕಾಗಿ, ಮುಕ್ಕಾಲು ಗಂಟೆ ಕುಡಿದರು. ಕಾಯಿಲೆಯ ಮಾತೇ ಇಲ್ಲ. ಹಿಂದಿನ ಪ್ರವಾಹದಲ್ಲಿ ಯಾರ ಎಮ್ಮೆ ಎಲ್ಲಿ ತೇಲಿ ಹೋಗಿತ್ತು, ಯಾರ ಹಟ್ಟಿ ಉಳಿಯಿತು, ಅಂಥ ಮಾತು.

"ನನ್ನ ಸೊಸೆ ಮಾಡಿದ ಚಾ ಕುಡಿದು ನೀವು ಬದುಕಿದ್ರೆ ಅದೇ ದೊಡ್ಡದು, ಡಾಕ್ಟರೇ," ಅಂದಳು ಕದಿಯುಮ್ಮ. ತುಂಬ ದಿನದ ಮೇಲೆ ನಕ್ಕಿದ್ದಳು.

ಅದಾಗಿ ಹದಿನೇಳನೆಯ ದಿನಕ್ಕೆ ಅವಳು ತೀರಿಕೊಂಡಳು.

ಆಮೇಲೆ ದರ್ಜಿ ಕುಮಾರನ ಮನೆಯಲ್ಲಿ ಡಾಕ್ಟರು ಚಹಾ ಕುಡಿದರು. ಆಮೇಲೆ ದೋಣಿಯವನ ಹೆಂಡತಿಯ ಹತ್ತಿರ ಕೇಳಿ ಕುಡಿದರು. ಎರಡು ಮೂರು ವರ್ಷದಲ್ಲಿ ಊರಿಗೆ ಲೆಕ್ಕ ಸಿಕ್ಕಿತು. ಗುಣವಾಗುವ ರೋಗಿಯ ಮನೆಯಲ್ಲಿ ಈ ಮನುಷ್ಯ ಬಾಯಾರಿ ಸತ್ತರೂ ನೀರು ಕೇಳುವುದಿಲ್ಲ. ಕೇಳಿದರೆಂದರೆ ಅಲ್ಲಿಗೆ ಮುಗಿಯಿತು, ಇನ್ನು ಮದ್ದಿಲ್ಲ.

"ಕುಮಾರನ ಮನೇಲಿ ಡಾಕ್ಟರು ಕೂತಿದ್ರಂತೆ," ಅಂತ ಕ್ಷೌರದಂಗಡಿಯಲ್ಲಿ ಒಬ್ಬ ಅಂದರೆ, "ಬರೀ ಕೂತಿದ್ರಾ, ಕುಡಿದ್ರಾ?" ಅಂತ ಇನ್ನೊಬ್ಬ ಕೇಳುತ್ತಿದ್ದ. "ಕುಡಿದ್ರು." "ಹಾಗಾದ್ರೆ ಅಳಿಯನಿಗೆ ಕಾಗದ ಹಾಕೋದು ಒಳ್ಳೇದು." ನೆಗಡಿಗೆ ಔಷಧಿ ಕೇಳಲು ಹೋದ ಗಟ್ಟಿ ಆಳುಗಳೂ ಬಾಗಿಲಲ್ಲೇ ನಿಂತು, "ಡಾಕ್ಟರೇ, ನಿಮಗೇನು ಬಾಯಾರಿಕೆ ಇಲ್ವಲ್ಲ?" ಅಂತ ತಮಾಷೆ ಮಾಡುವುದಾಯಿತು. ಅವರು ಗುರುಗುಟ್ಟುತ್ತಿದ್ದರು. ಅವರಿಗೆ ಅರ್ಥವಾಗುತ್ತಿತ್ತೋ ಇಲ್ಲವೋ, ಯಾರಿಗೂ ತಿಳಿಯದು.

ಮುಂಡಕ್ಕಡವಿನಲ್ಲಿ ದೊಡ್ಡ ಕಾಯಿಲೆಯ ಹೆಸರನ್ನು ಕಾಯಿಲೆಯವರ ಮುಂದೆ ಹೇಳುವುದಿಲ್ಲ. ಮನೆಯವರು ಅಂಗಳದಲ್ಲಿ ಡಾಕ್ಟರರ ಕೈ ಹಿಡಿದು, "ಅವರಿಗೆ ಗೊತ್ತಾಗಬಾರದು" ಅನ್ನುತ್ತಾರೆ. ಒಳಗೆ ಹೋದರೆ ಹಾಸಿಗೆಯಲ್ಲಿದ್ದವರು ಅದೇ ಕೈ ಹಿಡಿದು, "ಮನೆಯವರಿಗೆ ಗೊತ್ತಾಗಬಾರದು" ಅನ್ನುತ್ತಾರೆ. ಎರಡು ಕಡೆಗೂ ಮಾತು ಕೊಟ್ಟ ಮೇಲೆ ಡಾಕ್ಟರಾದವರು ಏನು ಮಾಡಬೇಕು? ಇವರು ಚಹಾ ಕೇಳುತ್ತಿದ್ದರು.

ಸುಹರಾಳಿಗೆ ಮೂರನೆಯ ಮಗು ಹುಟ್ಟಿದ ವರ್ಷ ಅಲವಿಗೆ ಗಂಟಲಿನ ಕಾಯಿಲೆ ಬಂತು. ಮರದ ಮಿಲ್ಲಿನಲ್ಲಿ ಮೂವತ್ತು ವರ್ಷ ದಿಮ್ಮಿ ಹೊತ್ತ ಹೆಗಲು, ನೋಡನೋಡುತ್ತ ಇಳಿದುಹೋಯಿತು. ಮೊದಲ ಸುತ್ತಿನ ಚಿಕಿತ್ಸೆಯಲ್ಲಿ ಗಡ್ಡೆ ಅಡಗಿತ್ತು; ಆರು ತಿಂಗಳಿಗೆ ತಿರುಗಿ ಬಂತು. ಆ ಪರೀಕ್ಷೆಯ ಕಾಗದ ಹಿಡಿದುಕೊಂಡು ಡಾಕ್ಟರು ಒಂದು ಬುಧವಾರ ಮಧ್ಯಾಹ್ನ ಬಂದರು. ಅಲವಿಯ ಕುತ್ತಿಗೆ ಮುಟ್ಟಿ ನೋಡಿದರು. ಚೀಲ ಮುಚ್ಚಿದರು. ಮಂಚದ ಅಂಚಿಗೆ ಕೂತರು. ಅವರು ಕೂತದ್ದನ್ನು ಕಂಡೇ ಮುಂದಿನ ಮಾತು ಏನೆಂದು ಇಯ್ಯಾತುಮ್ಮನಿಗೆ ತಿಳಿಯಿತು.

"ಇಯ್ಯಾತೂ, ಒಂದು ಚಾ ಮಾಡ್ತೀಯಾ?"

ಹಿಂದಿನ ದಿನವಷ್ಟೇ ಅವಳು ಅಂಗಡಿಯಿಂದ ಚಹಾಪುಡಿ ತಂದು ಬಿಸ್ಕತ್ತಿನ ಡಬ್ಬಿಗೆ ತುಂಬಿ ಒಲೆಯ ಮೇಲಿನ ಹಲಗೆಯಲ್ಲಿಟ್ಟಿದ್ದಳು.

"ಪುಡಿ ಮುಗಿದಿದೆ, ಡಾಕ್ಟರೇ."

ಹುಟ್ಟಿದಾಗಿನಿಂದ ಹೊತ್ತು ತಪ್ಪಿಸಿ, ಅಳತೆ ತಪ್ಪಿಸಿ ಮಾತಾಡಿದವಳಲ್ಲ. ಅವತ್ತು ಹಾಗೆ ಅಂದುಬಿಟ್ಟಳು. ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ಅವರು ಕೂತಲ್ಲಿಂದ ಹಲಗೆ ಕಾಣುತ್ತಿತ್ತೋ ಇಲ್ಲವೋ, ಆಮೇಲೆ ಎಷ್ಟೋ ಸಲ ಅವಳು ಅದೇ ಮಂಚದಲ್ಲಿ ಕೂತು ನೋಡಿದ್ದಾಳೆ. ಕತ್ತು ಸ್ವಲ್ಪ ಎಡಕ್ಕೆ ಹೊರಳಿಸಿದರೆ ಕಾಣುತ್ತದೆ, ಇಲ್ಲದಿದ್ದರೆ ಇಲ್ಲ.

"ಹಾಗಾದ್ರೆ ಬೇಡ," ಅಂದು ಡಾಕ್ಟರು ಎದ್ದರು. ಬಾಗಿಲಲ್ಲಿ ಚೀಲ ಹಿಡಿದು ಸ್ವಲ್ಪ ಹೊತ್ತು ನಿಂತರು. ಇನ್ನೇನೋ ಹೇಳುವವರ ಹಾಗಿತ್ತು. ಹೇಳದೆ ಹೋದರು.

ಮಾರನೆಯ ದಿನ ಅಲವಿಯ ತಮ್ಮ ಜೀಪು ತಂದ. ಡಾಕ್ಟರು ಚಹಾ ಕುಡಿದಿಲ್ಲವಲ್ಲ, ಆಸೆ ಇದೆ ಅಂತಾಯಿತು. ದೂರದ ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ನಲವತ್ತೊಂದು ದಿನ. ಇಯ್ಯಾತುಮ್ಮ ನಡುಮನೆಯಷ್ಟು ಅಗಲದ ಮೊಗಸಾಲೆಯಲ್ಲಿ ಬೆಂಚಿನ ಕಾಲಿಗೆ ಬೆನ್ನು ಕೊಟ್ಟು ಕೂತು ಆ ದಿನಗಳನ್ನು ಎಣಿಸಿದಳು. ಅಲ್ಲಿ ಬಾಂಗು ಕೇಳುತ್ತಿರಲಿಲ್ಲ. ಅಲವಿಯನ್ನು ದಿನಕ್ಕೆರಡು ಹೊತ್ತು ಮಾತ್ರ ನೋಡಲು ಬಿಡುತ್ತಿದ್ದರು. ಹೋಗುವಾಗ ನಾಲ್ಕು ಮಾತಾದರೂ ಆಡುತ್ತಿದ್ದವನು ಬರುವಾಗ ಕುತ್ತಿಗೆಯಲ್ಲಿ ತೂತು ಮಾಡಿಸಿಕೊಂಡು, ದನಿಯಿಲ್ಲದೆ ಬಂದ. ಗುಣವೇನೂ ಆಗಿರಲಿಲ್ಲ.

ಮನೆಗೆ ತಂದ ಮೂರನೆಯ ದಿನ ಪಾಲಿಯೇಟಿವ್‌ನವರು ಬಂದರು. ಇನ್ನು ಗುಣವಾಗದವರ ನೋವು, ಹುಣ್ಣು ನೋಡಿಕೊಳ್ಳಲು ಮನೆಮನೆಗೆ ಬರುವವರು. ಊರಿನ ಜನರೇ ಸೇರಿ ನಡೆಸುತ್ತಿದ್ದ ಕೆಲಸ. ಶಾಲೆಯಿಂದ ನಿವೃತ್ತರಾದ ಹಂಸ ಮಾಷ್, ಅವರ ಜೊತೆ ನರ್ಸು ಶೈನಿ. ಶೈನಿ ಹುಣ್ಣು ತೊಳೆದಳು, ಗಾಯಕ್ಕೆ ಬಟ್ಟೆ ಕಟ್ಟಿದಳು, ನೋವಿನ ಮಾತ್ರೆ ತೆಗೆದಳು. ಅಲವಿ ಕೈಯಲ್ಲಿ ಹಿಡಿದು, "ಇದೇನು" ಅನ್ನುವ ಹಾಗೆ ನೋಡಿದ. ಮಾರ್ಫಿನ್ ಅಂದಳು. ಅವನು ಹಲ್ಲು ಕಚ್ಚಿ ಮುಖ ತಿರುಗಿಸಿದ. ಗಂಜಿಯಲ್ಲಿ ಅರೆದು ಕೊಟ್ಟರೆ ಉಗುಳಿದ. ನಾಲ್ಕು ದಿನ ಹೀಗೇ ಆಯಿತು. ನೋವಿಗೆ ಮಂಚದ ಪಟ್ಟಿ ಹಿಡಿದು ಹಿಡಿದು ಅವನ ಉಗುರು ಒಡೆದಿದ್ದವು. ಅವರ ತಂಡದ ಡಾಕ್ಟರು ಹದಿನೈದು ದಿನಕ್ಕೊಮ್ಮೆ ಬರುವವರು, ಪ್ರತಿ ಸಲ ಬೇರೆಯವರು.

"ಇತ್ತಾ, ಇವರನ್ನ ಮೊದಲಿಂದ ನೋಡ್ತಿದ್ದ ಡಾಕ್ಟರ್ ಯಾರು?" ಶೈನಿ ಅಕ್ಕನನ್ನು ಕರೆಯುವ ಹಾಗೆ ಕರೆದು ಕೇಳಿದಳು.

ಇಯ್ಯಾತುಮ್ಮ ಒಲೆಯ ಬೂದಿ ಕೆದಕುತ್ತಾ, "ಉಣ್ಣೀರಿ ಡಾಕ್ಟರು. ನಾನೇ ಅವರನ್ನ ಕಳಿಸಿಬಿಟ್ಟೆ," ಅಂದಳು.

"ಕಳಿಸಿದ್ರೆ ಏನಾಯ್ತು, ಕರೆದ್ರೆ ಬರಲ್ವಾ," ಅಂದು ಹಂಸ ಮಾಷ್ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಡಾಕ್ಟರು ಬಂದರು. ಅಂಗಳದಲ್ಲೇ ನಿಂತು, "ನನಗೆ ನಿಮ್ಮ ಈ ಔಷಧಿ ಗೊತ್ತಿಲ್ಲ, ಸಿಸ್ಟರ್. ನಾವು ಓದೋವಾಗ ಇದನ್ನ ಬೀರುವಿನಲ್ಲಿಟ್ಟು ಬೀಗ ಹಾಕ್ತಿದ್ರು. ನಾನು ಬಂದು ಏನು ಮಾಡಲಿ?" ಅಂದರು.

"ಎಷ್ಟು, ಯಾವಾಗ ಅನ್ನೋದನ್ನ ನಾವು ಹೇಳ್ತೀವಿ, ಸಾರ್. ಬಾಯಿ ತೆರೆಸೋದು ನಮ್ಮ ಕೈಲಾಗ್ತಿಲ್ಲ."

ಡಾಕ್ಟರು ಎಲ್ಲರನ್ನೂ ಹೊರಗೆ ಕಳಿಸಿದರು. ಇಯ್ಯಾತುಮ್ಮ ಹಿತ್ತಲ ಕಡೆಯಿಂದ ಸುತ್ತಿ ಬಂದು ಕಿಟಕಿಯ ಕೆಳಗೆ ನಿಂತಳು. ತಪ್ಪೆಂದು ಗೊತ್ತಿತ್ತು, ನಿಂತಳು.

"ಏನೋ ಅಲವೀ, ಆಣೆ ಮುರಿಯತ್ತೆ ಅಂತ ಹೆದರಿಕೆಯಾ?" ಡಾಕ್ಟರರ ದನಿ. "ನಿನ್ನ ಲಿವರ್ ಹಾಳಾಗಿದೆ ಅಂತ ನಾನು ಬೈದ ದಿನ, ನನ್ನ ಮೇಜಿನ ಮುಂದೆ ನಿಂತು ಹೇಳಿದ್ಯಲ್ಲ, ಅಮಲು ಬರೋದನ್ನ ಸಾಯೋತನಕ ಮುಟ್ಟಲ್ಲ ಅಂತ. ಅದಕ್ಕೆ ನಾನೊಬ್ಬನೇ ಸಾಕ್ಷಿ. ಸಾಕ್ಷಿ ಬಂದು ಹೇಳ್ತಿದೀನಿ, ಕೇಳು. ಇದು ಅದಲ್ಲ. ಬರೋ ದಾರೀಲಿ ಮಸೀದಿಯ ಉಸ್ತಾದರನ್ನೂ ಕೇಳಿಕೊಂಡು ಬಂದಿದೀನಿ. ನೋವಿಗೆ ತಗೊಳ್ಳೋದು ಕುಡಿತ ಅಲ್ಲ ಅಂದ್ರು. ನಮಾಜಿನ ಹೊತ್ತಿಗೆ ಎಚ್ಚರ ಇರೋ ಹಾಗೆ ಹೊತ್ತು ಹೊಂದಿಸೋಣ. ನಿನ್ನ ಹೆಂಡತಿ ಇದ್ದಾಳಲ್ಲ, ಅವಳಿಗಿಂತ ಗಡಿಯಾರ ಬೇಕಾ?"

ಅಲವಿ ಒಂದು ಕಾಲದಲ್ಲಿ ಕುಡಿಯುತ್ತಿದ್ದ, ಆಣೆ ಇಟ್ಟು ಬಿಟ್ಟ ಅನ್ನುವುದು ಮೂವತ್ತು ವರ್ಷ ಜೊತೆಯಲ್ಲಿ ಬಾಳಿದ ಇಯ್ಯಾತುಮ್ಮನಿಗೆ ಗೊತ್ತಾದದ್ದು ಆ ಕಿಟಕಿಯ ಕೆಳಗೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಒಳಗೆ ಅವನು ಬಾಯಿ ತೆರೆದ.

ಬೆಳಗಿನ ನಮಾಜು ಕಳೆದ ಕೂಡಲೇ ಒಂದು. ಆಚೆ ದಡದ ಶಾಲೆಯ ಎರಡನೆಯ ಗಂಟೆಗೆ ಒಂದು. ನಡುಹಗಲಿನ ನಮಾಜು ಕಳೆದು ಒಂದು. ಸಂಜೆಗತ್ತಲಿನದು ಕಳೆದು ಒಂದು. ಮಲಗುವ ಮುಂಚೆ ಎರಡು. ಇಯ್ಯಾತುಮ್ಮ ಒಂದು ಹೊತ್ತೂ ತಪ್ಪಿಸಲಿಲ್ಲ. ಐದನೆಯ ದಿನ ಅಲವಿ ಮಂಚವನ್ನು ನದಿ ಕಾಣುವ ಕಿಟಕಿಯ ಕಡೆ ತಿರುಗಿಸಲು ಸನ್ನೆ ಮಾಡಿದ. ಆರನೆಯ ದಿನ ಡಾಕ್ಟರು ಬಂದು ನೋಡಿ ಏಳುವಷ್ಟರಲ್ಲಿ, ಅವನು ಇಯ್ಯಾತುಮ್ಮನ ಕಡೆ ನೋಡಿ, ಹೆಬ್ಬೆರಳಿಗೆ ಬೆರಳು ಕೂಡಿಸಿ, ಲೋಟ ಎತ್ತಿ ಕುಡಿಯುವ ಹಾಗೆ ತೋರಿಸಿದ. ಆಮೇಲೆ ಡಾಕ್ಟರರ ಕಡೆ ತೋರಿಸಿದ.

ಅವಳು ಅದೇ ಡಬ್ಬಿ ಇಳಿಸಿ ಚಹಾ ಮಾಡಿದಳು. ಡಾಕ್ಟರು ಮಂಚದ ಅಂಚಿಗೆ ಕೂತು ಕುಡಿದರು. ಕುಡಿದು ಮುಗಿಯುವವರೆಗೂ ಅಲವಿ ಅವರ ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡು ನದಿ ನೋಡುತ್ತಿದ್ದ. ಅವನಿಗೆ ಮೊದಲಿನಿಂದ ಎಲ್ಲ ಗೊತ್ತಿತ್ತು. ಹದಿನಾಲ್ಕು ದಿನದ ಮೇಲೆ, ನಡುಹಗಲಿನ ಮಾತ್ರೆ ತೆಗೆದುಕೊಂಡ ಮೇಲೆ, ನಿದ್ದೆಯಲ್ಲೇ ಹೋದ. ಹದಿನಾಲ್ಕು ಸಿಕ್ಕಿತು ಅಂತ ಅವಳು ಎಣಿಸಿದಳು. ನಲವತ್ತೊಂದು ಕಳೆಯಿತು ಅಂತಲೂ ಎಣಿಸಿದಳು.

ವಿಧವೆಯ ನಾಲ್ಕು ತಿಂಗಳು ಹತ್ತು ದಿನದ ಮರೆ ಕಳೆದ ಮಾರನೆಯ ಬೆಳಿಗ್ಗೆ ಇಯ್ಯಾತುಮ್ಮ ಹಂಸ ಮಾಷರ ಮನೆ ಬಾಗಿಲಿಗೆ ಹೋಗಿ ನಿಂತಳು. "ಮಾಷೇ, ನಾನೂ ಬರ್ತೀನಿ. ಓದು ಬರಹ ಅಷ್ಟಕ್ಕಷ್ಟೆ. ಅಕ್ಷರ ಕಲಿಸೋ ಚಳವಳೀಲಿ ಕಲಿತಿದ್ದು, ನಿಧಾನಕ್ಕೆ ಬರೀತೀನಿ."

"ನಿಧಾನಕ್ಕೆ ಬರೆಯೋರೇ ನಮಗೆ ಬೇಕು," ಅಂದರು ಮಾಷ್. ಒಂದೇ ಕಟ್ಟುನಿಟ್ಟು ಹೇಳಿದರು: ರೋಗಿಯ ಮನೆಯಲ್ಲಿ ಏನೂ ತಿನ್ನಬಾರದು, ಕುಡಿಯಬಾರದು, ಎಷ್ಟು ಬಲವಂತ ಮಾಡಿದರೂ. ಅವಳು ನೀರಿನ ಬಾಟಲಿ ಮನೆಯಿಂದಲೇ ಕಟ್ಟಿಕೊಂಡು ಹೋಗುವ ರೂಢಿ ಮಾಡಿಕೊಂಡಳು. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ತಪ್ಪಲಿಲ್ಲ.

ಉಣ್ಣೀರಿ ಡಾಕ್ಟರೂ ಮಂಗಳವಾರ ಮಂಗಳವಾರ ತಂಡದ ಜೀಪಿನಲ್ಲಿ ಹೊರಡತೊಡಗಿದರು. ತಮ್ಮ ರೋಗಿಗಳು ಇರುವ ಮನೆಗೆ ತಾವು ಹೋಗುವುದು, ಬೇರೆ ಡಾಕ್ಟರರ ರೋಗಿಯಾದರೆ ಆ ಡಾಕ್ಟರರಿಗೆ ಫೋನು ಮಾಡಿ ಬೈಯುವುದು. "ಮೂವತ್ತು ವರ್ಷ ಅವರ ನಾಡಿ ಹಿಡಿದವರು ನೀವು. ಈಗ ಏನೂ ಮಾಡೋಕಿಲ್ಲ ಅಂತ ಅವರ ಮನೆ ದಾರಿ ಮರೆತ್ರೆ ಹೇಗೆ? ಮಾಡೋಕೆ ಏನೂ ಇಲ್ಲದಿದ್ರೆ ಬಂದು ಕೂತ್ಕೊಳ್ಳಿ."

ಗುಡ್ಡದ ಮೇಲಿನ ಮನೆಗಳಿಗೆ ಜೀಪು ಹತ್ತುವುದಿಲ್ಲ. ಕೆಂಪುಕಲ್ಲಿನ ಮೆಟ್ಟಿಲಲ್ಲಿ ಡಾಕ್ಟರು ಮೊಣಕಾಲು ಹಿಡಿದು ನಿಂತು ನಿಂತು ಹತ್ತುವರು; ಹಿಂದೆ ಇಯ್ಯಾತುಮ್ಮ ಚೀಲ ಹೊತ್ತು, ಅವಳಿಗೂ ಸೊಂಟ ನೋವು. ಹತ್ತಿ ಹೋದರೆ ಅದೇ ಹುಣ್ಣು, ಅದೇ ವಾಸನೆ, ಅಂಗಳದಲ್ಲಿ ಅದೇ ಮಾತು, ಹಾಸಿಗೆಯಲ್ಲಿ ಅದೇ ಮಾತು. ಆಮೇಲೆ ಇಳಿಯುವುದು. ಒಂದು ಬೇಸಗೆಯಲ್ಲಿ ಮೆಟ್ಟಿಲ ಮಧ್ಯೆ ಅವರು ಕೂತೇಬಿಟ್ಟರು.

"ಸಾಕಾಯ್ತಾ, ಡಾಕ್ಟರೇ?"

"ಸಾಕಾಗಿ ಎಷ್ಟೋ ವರ್ಷ ಆಯ್ತು."

"ಮತ್ತೆ?"

"ಮತ್ತೇನು, ಇನ್ನೂ ಮೂರು ಮನೆ ಇದೆ."

ಅವರ ಕಣ್ಣಿನ ಬಿಳಿ ಹಳದಿಯಾದದ್ದನ್ನು ಮೊದಲು ಕಂಡವಳೂ ಅವಳೇ. ಮಂಗಳವಾರ, ಜೀಪಿನಲ್ಲಿ, ಎಡಗಡೆಯ ಬಿಸಿಲು ಮುಖಕ್ಕೆ ಬಿದ್ದಾಗ. ಹೇಳಿದಳು. "ಬಿಸಿಲಿಗೆ ಎಲ್ಲ ಹಳದೀನೇ," ಅಂದರು. ಎರಡು ವಾರ ಮುಚ್ಚಿಟ್ಟರು. ಆಮೇಲೆ ಟೀಚರು ಬಲವಂತ ಮಾಡಿ ಸ್ಕ್ಯಾನ್ ಮಾಡಿಸಿದರು. ಮೇದೋಜೀರಕದ ಗಡ್ಡೆ, ಪಿತ್ತಜನಕಾಂಗಕ್ಕೂ ಹಬ್ಬಿತ್ತು.

ತಂಡ ಅವರ ಮನೆಗೆ ಹೋದ ಮೊದಲ ದಿನ ದೇವಯಾನಿ ಟೀಚರು ಗೇಟಿನಲ್ಲೇ ಇಯ್ಯಾತುಮ್ಮನ ಕೈ ಹಿಡಿದರು. "ಹೊಟ್ಟೆಹುಣ್ಣು ಅಂತ ಹೇಳಿದೀನಿ. ಬೇರೆ ಏನೂ ಅವರಿಗೆ ಗೊತ್ತಾಗಬಾರದು, ಇಯ್ಯಾತುಮ್ಮ." ಒಳಗೆ ಹೋದರೆ ಡಾಕ್ಟರು ಅದೇ ಕೈ ಹಿಡಿದರು. "ಟೀಚರಿಗೆ ಹುಣ್ಣು ಅಂತ ಇರಲಿ. ಪಾಪ, ರಿಪೋರ್ಟು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಾಳೆ. ನಾನು ಓದಿ ಮತ್ತೆ ಅಲ್ಲೇ ಇಟ್ಟಿದೀನಿ."

ಊರಿಗೆಲ್ಲ ಡಾಕ್ಟರಾದವರಿಗೆ ತಮ್ಮದೆನ್ನುವ ಡಾಕ್ಟರಿರಲಿಲ್ಲ. ಸರದಿಯಂತೆ ಬರುವ ಎಳೆಯ ಡಾಕ್ಟರರು ಮಂಚದ ಪಕ್ಕ ಕೈಕಟ್ಟಿ ನಿಂತು, "ಸರ್, ನೀವೇ ಹೇಳಿ, ಏನು ಬರೀಲಿ?" ಅನ್ನುತ್ತಿದ್ದರು. ಅವರು ಕಡಿಮೆಯದನ್ನೇ ಹೇಳುತ್ತಿದ್ದರು. ನೋವು ಹತ್ತರಲ್ಲಿ ಎಷ್ಟು ಅಂದರೆ "ಎರಡು". ಇಯ್ಯಾತುಮ್ಮ ತನ್ನ ಪುಸ್ತಕದಲ್ಲಿ ಎರಡು ಎಂದು ಬರೆದು, ಅದರ ಕೆಳಗೆ ತಾನು ಕಂಡದ್ದನ್ನೂ ಬರೆದಳು: ಹಾಸಿಗೆ ಬಟ್ಟೆ ಮುಷ್ಟಿಯಲ್ಲಿ ಸುಕ್ಕು, ಐದು ಕಡೆ. ತುಟಿಯ ಒಳಗೆ ಹಲ್ಲಿನ ಗುರುತು.

"ಡಾಕ್ಟರೇ, ಇದು ಎರಡಲ್ಲ."

"ನೀನು ಯಾವಾಗಿಂದ ಡಾಕ್ಟರಾದೆ?"

"ನೀವು ಪೇಷಂಟ್ ಆಗಲ್ಲ ಅಂದ್ರೆ ಯಾರಾದ್ರೂ ಆಗಬೇಕಲ್ಲ."

ಅವತ್ತೇ ಅವಳು ಪಂಚಾಯಿತಿ ಆಸ್ಪತ್ರೆಗೆ ಹೋದಳು. ಸರದಿಯವರಲ್ಲಿ ರೆಹನಾ ಎಂಬ ಹುಡುಗಿ ಈ ಊರಿನವಳೇ. ಅವಳ ತೋಳಿಗೆ ಮೊದಲ ಚುಚ್ಚುಮದ್ದು ಹಾಕಿದವರು ಉಣ್ಣೀರಿ. ಇಯ್ಯಾತುಮ್ಮ ಪುಸ್ತಕ ತೆಗೆದು ಮುಂದಿಟ್ಟಳು. "ಮಗಳೇ, ನೀನೊಬ್ಬಳೇ ಬಾ, ಪ್ರತಿ ಸಲ ನೀನೇ ಬಾ. ಏನು ಬರೀಲಿ ಅಂತ ಅವರನ್ನ ಕೇಳಬೇಡ. ಅವರು ಇಷ್ಟು ವರ್ಷ ಯಾರನ್ನಾದ್ರೂ ಕೇಳಿ ಬರೆದಿದ್ರಾ?"

ರೆಹನಾ ಪುಸ್ತಕವನ್ನು ಎರಡು ಸಲ ಓದಿದಳು. ಮರುದಿನ ಬಂದು, ಕೇಳದೆ, ಮಾರ್ಫಿನ್ ಎರಡರಷ್ಟು ಬರೆದಳು. "ಯಾರು ಹೇಳಿದ್ದು ಇಷ್ಟು?" ಅಂತ ಡಾಕ್ಟರು ರೇಗಿದರು. "ನಾನು. ನಿಮ್ಮ ಡಾಕ್ಟರ್," ಅಂದಳು ಹುಡುಗಿ. ಅವರು ಅವಳನ್ನು ತುಂಬ ಹೊತ್ತು ನೋಡಿ, ಮಾತ್ರೆ ನುಂಗಿದರು. ಆ ಸಂಜೆ ಹಾಸಿಗೆ ಬಟ್ಟೆ ಸುಕ್ಕಾಗಲಿಲ್ಲ.

ಆದರೆ ಟೀಚರು ಸುಮ್ಮನಿರಲಿಲ್ಲ. ಎರ್ನಾಕುಳಂ ಕಡೆಯ ಒಂದು ಆಸ್ಪತ್ರೆಯಲ್ಲಿ ಹೊಟ್ಟೆ ತೆರೆದು ನೋಡುತ್ತಾರಂತೆ ಎಂದು ಯಾರೋ ಹೇಳಿದ್ದರು. ಸೋಮವಾರ ಬೆಳಿಗ್ಗೆಗೆ ಗಾಡಿ ಗೊತ್ತಾಯಿತು. ಅದರಿಂದ ಪ್ರಯೋಜನವಿಲ್ಲ, ದಾರಿಯಲ್ಲೇ ಏನಾದರೂ ಆಗಬಹುದು ಅಂದಳು ರೆಹನಾ, ಇಯ್ಯಾತುಮ್ಮನ ಹತ್ತಿರ. "ಟೀಚರ್ ಮುಖ ನೋಡಿದ್ರೆ ನನಗೆ ಬಾಯೇ ಬರಲ್ಲ, ಉಮ್ಮಾ." ಡಾಕ್ಟರು ಟೀಚರಿಗೆ "ಆಗಲಿ" ಅಂದಿದ್ದರು. ಅವರ ರೋಗಿಗಳೂ ಹಾಗೆಯೇ ಆಗಲಿ ಅನ್ನುತ್ತಿದ್ದರು.

ಶನಿವಾರ ಇಯ್ಯಾತುಮ್ಮ ಅವರ ಬಾಯಿ ಒರೆಸಿ, ಬೆನ್ನಿಗೆ ಪುಡಿ ಹಚ್ಚಿ, ಪುಸ್ತಕ ಬರೆದು, ಚೀಲ ಮುಚ್ಚಿದಳು. ಏಳುವಾಗ ಅವರು ಮಂಚದ ಅಂಚನ್ನು ಎರಡು ಬೆರಳಿನಿಂದ ತಟ್ಟಿದರು.

"ಕೂತ್ಕೋ. ಒಂದು ಚಾ ಕುಡಿದು ಹೋಗು, ಇಯ್ಯಾತೂ."

ಅವಳ ಕೈ ನೀರಿನ ಬಾಟಲಿಗೆ ಹೋಯಿತು. "ನಮ್ಮ ಕಟ್ಟುನಿಟ್ಟು ನಿಮಗೆ ಗೊತ್ತಲ್ಲ."

"ಗೊತ್ತು," ಅಂದರು. ಬೆರಳು ಅಂಚಿನಿಂದ ತೆಗೆಯಲಿಲ್ಲ. ಆಮೇಲೆ ಒಳಗೆ ಕೂಗಿದರು, ಇದ್ದಷ್ಟು ದನಿಯಲ್ಲಿ. "ಟೀಚರೇ, ಇಯ್ಯಾತುಗೆ ಒಂದು ಚಾ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಡಾಕ್ಟರರ ಚಹಾ ಏನೆಂದು ಅವರ ಹೆಂಡತಿಗೆ ಗೊತ್ತಿಲ್ಲದೆ ಇರುತ್ತದೆಯೇ? ಊರು ಹೇಳಿ ಹೇಳಿ ನಕ್ಕ ಮಾತು. ಆಮೇಲೆ ಟೀಚರ ದನಿ ಬಂತು.

"ಪುಡಿ ಮುಗಿದಿದೆ."

ಡಾಕ್ಟರು ಕಣ್ಣು ಮುಚ್ಚಿದರು. ಇಯ್ಯಾತುಮ್ಮ ಸೊಂಟ ಹಿಡಿದುಕೊಂಡು ಎದ್ದು ಅಡುಗೆಮನೆಗೆ ಹೋದಳು. ಟೀಚರು ಒಲೆಯ ಕಟ್ಟೆಗೆ ಎರಡೂ ಕೈ ಊರಿ ನಿಂತಿದ್ದರು. ಅವರ ಕೈಗಳ ನಡುವೆ ಗಾಜಿನ ಭರಣಿ, ಕುತ್ತಿಗೆಯವರೆಗೆ ಚಹಾಪುಡಿ.

"ನಾನು ಮಾಡಲ್ಲ," ಅಂದರು ಟೀಚರು, ತಿರುಗದೆ. "ನೀನು ಕುಡೀಬೇಡ. ಸೋಮವಾರ ಹೋಗೋದಿದೆ ನಮಗೆ."

"ಟೀಚರೇ, ನಾನೂ ಹೀಗೇ ಅಂದಿದ್ದೆ," ಅಂದಳು ಇಯ್ಯಾತುಮ್ಮ. "ನಮ್ಮವರು ಮಲಗಿದ್ದಾಗ, ಡಾಕ್ಟರಿಗೆ. ಪುಡಿ ಮುಗಿದಿದೆ ಅಂತ. ಆಮೇಲೆ ನಲವತ್ತೊಂದು ದಿನ ಆಸ್ಪತ್ರೇಲಿ. ಅದರಲ್ಲಿ ಒಂದು ದಿನಾನೂ ಅವರು ನದಿ ನೋಡಲಿಲ್ಲ. ನಾನು ಅವರ ಕೈ ಹಿಡಿದಿದ್ದು ದಿನಕ್ಕೆ ಎರಡು ಸಲ, ಗಾಜಿನ ಬಾಗಿಲು ತೆಗೆದಾಗ. ಅವರಿಗೆ ಮೊದಲೇ ಎಲ್ಲ ಗೊತ್ತಿತ್ತು. ನಾನು ಬಾಯಿಬಿಟ್ಟು ಹೇಳಲಿಲ್ಲ ಅಂತ ಅವರೂ ಹೇಳಲಿಲ್ಲ."

ಟೀಚರು ಭರಣಿಯ ಮುಚ್ಚಳ ಬಿಗಿ ಮಾಡಿದರು.

"ಇವರು ಓದಿದ್ದಾರೆ, ಟೀಚರೇ. ಅಕ್ಕಿ ಡಬ್ಬಿಯದು."

ಟೀಚರ ಭುಜ ಕುಸಿಯಿತು. ಅತ್ತರು ಅಂತಲ್ಲ, ಎಷ್ಟೋ ದಿನದಿಂದ ಎತ್ತಿ ಹಿಡಿದದ್ದನ್ನು ಕೆಳಗಿಟ್ಟವರ ಹಾಗೆ ಆಯಿತು. ಅಲ್ಲೇ ಮಣೆಯ ಮೇಲೆ ಕೂತರು. ಇಯ್ಯಾತುಮ್ಮ ನೀರಿಟ್ಟಳು. ಮೂರನೆಯ ಲೋಟ ಎಲ್ಲಿದೆಯೆಂದು ಹುಡುಕುವಾಗ ಟೀಚರೇ ಎದ್ದು ಮೇಲಿನ ಹಲಗೆಯಿಂದ ತೆಗೆದು ಕೊಟ್ಟರು.

"ಗಾಡಿಯವನಿಗೆ ಬೇಡ ಅಂತ ಹೇಳಿಬಿಡು, ಹೋಗ್ತಾ," ಅಂದರು. "ನನಗೆ ಹೇಳೋಕಾಗಲ್ಲ."

ಆಮೇಲೆ ಡಾಕ್ಟರು ಹನ್ನೊಂದು ದಿನ ಇದ್ದರು. ರೆಹನಾ ದಿನವೂ ಬಂದಳು; ಕಡೆಯ ನಾಲ್ಕು ದಿನ ಮಾಡುವುದೇನೂ ಇರಲಿಲ್ಲ, ಬಂದು ಕೂತಳು. ಟೀಚರು ಹಗಲೆಲ್ಲ ಅವರ ಪಕ್ಕದಲ್ಲೇ ಇದ್ದು, ಮದುವೆಯಾದ ಹೊಸದರಲ್ಲಿ ಆಡಿದ ಜಗಳಗಳನ್ನು ಒಂದೊಂದಾಗಿ ನೆನಪು ಮಾಡಿದರು. ಡಾಕ್ಟರು ಕೇಳಿಸಿಕೊಂಡರು. ಮಾತು ಕಡಿಮೆಯಾಗುತ್ತ ಬಂದು, ಇಯ್ಯಾತುಮ್ಮ ಹೋದಾಗ ಕಣ್ಣಿನಲ್ಲಿ ಗುರುತು ಹಿಡಿಯುವಷ್ಟೇ ಉಳಿಯಿತು.

ಅವಳನ್ನು ಅವರು ಕೊನೆಯದಾಗಿ ಏನಾದರೂ ಕೇಳಿದ್ದು ಆ ಶನಿವಾರವೇ. ಅವತ್ತು ಮೂರು ಲೋಟ ಒಳಗೆ ತಂದ ಮೇಲೆ ಟೀಚರು ಕುರ್ಚಿ ಎಳೆದು ಕೂತರು. ಇಯ್ಯಾತುಮ್ಮ ಚಮಚದಲ್ಲಿ ಡಾಕ್ಟರರ ತುಟಿಗೆ ಮೂರು ಸಲ ಚಹಾ ಮುಟ್ಟಿಸಿದಳು. ಆಮೇಲೆ ಮಂಚದ ಅಂಚಿಗೆ, ಅವರು ತಟ್ಟಿದ ಜಾಗಕ್ಕೆ ಸರಿಯಾಗಿ ಕೂತು, ತನ್ನ ಲೋಟ ಎತ್ತಿ, ಹದಿನೆಂಟು ವರ್ಷದಲ್ಲಿ ಮೊದಲ ಸಲ ರೋಗಿಯ ಮನೆಯ ಚಹಾ ಕುಡಿದಳು. ನಿಧಾನಕ್ಕೆ ಕುಡಿದಳು. ಲೋಟದ ತಳ ಕಂಡಾಗ ಅವರು ಕತ್ತನ್ನು ಸ್ವಲ್ಪ ಎಡಕ್ಕೆ ಹೊರಳಿಸಿ ಅವಳ ಕಡೆ ನೋಡಿದರು.

"ಇಯ್ಯಾತೂ, ಅವತ್ತು ನಿಮ್ಮ ಮನೆ ಡಬ್ಬಿ ತುಂಬಿತ್ತು, ಅಲ್ವಾ?"